ಪದರ ಸರಿಸಿದರೆ ಯಾರ ಮುಖ?

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಊರುಗಳಿಗಿಂತ ಮೊದಲು ಮುಖಗಳು ಎದುರಾಗುತ್ತವೆ. ಪೀರನವಾಡಿ ದಾಟುವ ಮೊದಲೇ ಹತ್ತಾರು ಫ್ಲೆಕ್ಸುಗಳು ಕಣ್ಣಿಗೆ ಬೀಳುತ್ತವೆ. ಮಧ್ಯದಲ್ಲಿ ಕೈಮುಗಿದು ನಿಂತ ಒಬ್ಬ ನಾಯಕ. ಅವನ ಬೆನ್ನ ಹಿಂದೆ ಅವನದೇ ಮುಖ ಇನ್ನಷ್ಟು ದೊಡ್ಡದಾಗಿ, ಮೋಡದಂತೆ ಮಸುಕಾಗಿ ಹರಡಿರುತ್ತದೆ. ಮೇಲ್ಗಡೆ ಪಕ್ಷದ ಹಿರಿಯರ ತಲೆಗಳ ಸಾಲು. ಕೆಳಗಡೆ ಅಂಚೆಚೀಟಿಯಷ್ಟು ಚೌಕಗಳಲ್ಲಿ ಶುಭ ಕೋರುವವರು. ಈ ಚಿತ್ರದಲ್ಲಿರುವ ಮೂವತ್ತು ನಲವತ್ತು ಮಂದಿ ಯಾವ ದಿನವೂ ಒಂದೇ ಕ್ಯಾಮರಾದ ಮುಂದೆ ಒಟ್ಟಿಗೆ ನಿಂತವರಲ್ಲ. ಅವರನ್ನು ಒಟ್ಟಿಗೆ ನಿಲ್ಲಿಸಿದವನು ಯಾವುದೋ ಗಲ್ಲಿಯ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಒಬ್ಬ ಹುಡುಗ.

ಇದೇ ಹುಡುಗ ಇದೇ ತಂತ್ರದಿಂದ ಮದುವೆಯ ಆಲ್ಬಮ್ಮನ್ನೂ ಮಾಡುತ್ತಾನೆ, ತೀರಿಕೊಂಡವರ ಭಾವಚಿತ್ರವನ್ನೂ ಮಾಡುತ್ತಾನೆ, ಜಯಂತಿಗೆ ಬೇಕಾದ ಮಹಾಪುರುಷರನ್ನೂ ಸಿದ್ಧಪಡಿಸುತ್ತಾನೆ. ನಮ್ಮ ವಿಮರ್ಶೆ ಸಿನಿಮಾವನ್ನು ಓದಿದೆ, ಟಿ.ವಿ. ಧಾರಾವಾಹಿಯನ್ನು ಓದಿದೆ, ಜಾಹೀರಾತನ್ನೂ ಓದಿದೆ. ಆದರೆ ದಿನ ಬೆಳಗಾದರೆ ನಮ್ಮ ಕಣ್ಣಿಗೆ ಬೀಳುವ, ನಮ್ಮ ನಡುಮನೆಯ ಗೋಡೆಯ ಮೇಲೂ ತೂಗುವ ಈ ಪದರ ಪದರದ ಚಿತ್ರಗಳನ್ನು ಮಾತ್ರ ಅದು ಮಾಲಿನ್ಯವೆಂದೋ ಕೀಳು ಅಭಿರುಚಿಯೆಂದೋ ಕರೆದು ಕೈತೊಳೆದುಕೊಂಡಿದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿ ಹೊರಡಿಸಿದ ಅಧಿಸೂಚನೆಯಲ್ಲಿ ಫ್ಲೆಕ್ಸೂ ಸೇರಿತ್ತು. ಆ ನಿಷೇಧ ಬಟ್ಟೆಯ ಕುರಿತಾಗಿತ್ತು, ಬಟ್ಟೆಯ ಮೇಲಿನ ಚಿತ್ರದ ಕುರಿತಾಗಿರಲಿಲ್ಲ. ಚಿತ್ರದ ಕುರಿತು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೀಗೆ ಮುಖಗಳನ್ನು ಜೋಡಿಸುವಾಗ ಯಾರ ಮುಖ ಉಳಿಯುತ್ತದೆ? ಯಾರದು ಕತ್ತರಿಸಿ ಹೋಗುತ್ತದೆ? ಜೋಡಿಸಿದ್ದೆಂಬ ಸಂಗತಿ ನೋಡುವವನಿಗೆ ಗೊತ್ತಾಗುತ್ತದೆಯೇ?

ಮೊದಲು ಕೆಲಸ ಹೇಗೆ ನಡೆಯುತ್ತದೆಂದು ನೋಡಬೇಕು. ಥಾಮಸ್ ಮತ್ತು ಜಾನ್ ನೋಲ್ ಎಂಬ ಅಮೆರಿಕದ ಸೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಅಡೋಬಿ ಕಂಪೆನಿಯ ಮೂಲಕ ಮಾರುಕಟ್ಟೆಗೆ ಬಂತು. ಅದರಲ್ಲಿ ‘ಲೇಯರ್’, ಅಂದರೆ ಪದರ, ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಒಂದು ಚಿತ್ರದ ಮೇಲೆ ಇನ್ನೊಂದನ್ನು ಅಂಟಿಸಿದರೆ ಎರಡೂ ಬೆರೆತು ಒಂದಾಗಿಬಿಡುತ್ತಿದ್ದವು. ಪದರಗಳು ಬಂದ ಮೇಲೆ ಪ್ರತಿಯೊಂದು ಮುಖವೂ ತನ್ನದೇ ಗಾಜಿನ ಹಾಳೆಯ ಮೇಲೆ ಬಿಡಿಯಾಗಿ ಉಳಿಯುವಂತಾಯಿತು. ಯಾವುದನ್ನು ಬೇಕಾದರೂ ಮೇಲೆ ಕೆಳಗೆ ಮಾಡಬಹುದು, ಮಸುಕು ಮಾಡಬಹುದು, ಮರೆಮಾಡಬಹುದು. ‘ಮಾಸ್ಕ್’ ಹಾಕಿ ಕೂದಲಂಚಿನವರೆಗೂ ಮುಖವನ್ನು ಬಿಡಿಸಿಕೊಳ್ಳಬಹುದು. ‘ಒಪ್ಯಾಸಿಟಿ’ ಇಳಿಸಿ ಒಂದು ಮುಖದೊಳಗಿಂದ ಇನ್ನೊಂದು ಮುಖ ಕಾಣುವಂತೆ ಮಾಡಬಹುದು. ‘ಮಲ್ಟಿಪ್ಲೈ’ ಎಂಬ ವಿಧಾನದಲ್ಲಿ ಎರಡು ಸ್ಲೈಡುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಂತೆ ಕಪ್ಪು ಉಳಿದು ಬಿಳಿ ಮಾಯವಾಗುತ್ತದೆ. ‘ಸ್ಕ್ರೀನ್’ನಲ್ಲಿ ಒಂದೇ ಗೋಡೆಗೆ ಎರಡು ಪ್ರೊಜೆಕ್ಟರ್ ಬಿಟ್ಟಂತೆ ಬೆಳಕು ಬೆಳಕನ್ನು ಕೂಡಿಕೊಳ್ಳುತ್ತದೆ. ಕೊನೆಗೆ ‘ಫ್ಲ್ಯಾಟನ್’ ಎಂಬ ಒಂದು ಆಜ್ಞೆ ಇದೆ. ಅದನ್ನು ಒತ್ತಿದರೆ ಎಲ್ಲ ಪದರಗಳೂ ಚಪ್ಪಟೆಯಾಗಿ ಒಂದೇ ಚಿತ್ರವಾಗುತ್ತವೆ. ಪದರ ಉಳಿಸಿಕೊಂಡ ಪಿಎಸ್‌ಡಿ ಕಡತ ಅಂಗಡಿಯವನ ಬಳಿ ಉಳಿಯುತ್ತದೆ. ಚಪ್ಪಟೆಯಾದ ಜೆಪೆಗ್ ಗಿರಾಕಿಯ ಕೈಗೆ ಬರುತ್ತದೆ. ಹೇಗೆ ಜೋಡಿಸಲಾಯಿತೆಂಬ ಲೆಕ್ಕವೆಲ್ಲ ಮೊದಲನೆಯದರಲ್ಲಿದೆ. ನಮ್ಮ ಕೈಗೆ ಬಂದದ್ದರಲ್ಲಿ ಆ ಲೆಕ್ಕ ಇಲ್ಲ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಮುಖ ಜೋಡಿಸುವುದೇ ಸುಳ್ಳು ಎಂದು ವಾದಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ನಮ್ಮ ಸ್ಟುಡಿಯೋಗಳಲ್ಲಿ ಈ ಕೆಲಸ ನಡೆಯುತ್ತಿತ್ತು. ಎರಡು ಫೋಟೋಗಳಿಂದ ಎರಡು ಆಕೃತಿಗಳನ್ನು ಕತ್ತರಿಸಿ, ಒಂದೇ ರಟ್ಟಿನ ಮೇಲೆ ಅಂಟಿಸಿ, ಸಂದಿಗೆ ಕುಂಚದಿಂದ ಬಣ್ಣ ಸವರಿ, ಮತ್ತೆ ಫೋಟೋ ತೆಗೆದು ‘ಜೋಡಿ ಫೋಟೋ’ ಮಾಡಿಕೊಡುತ್ತಿದ್ದರು. ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮಾಡುವ ‘ಟಚಿಂಗ್’ ಒಂದು ಪ್ರತ್ಯೇಕ ಕಸುಬೇ ಆಗಿತ್ತು. ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾ ಎಂಬ ಊರಿನ ಸ್ಟುಡಿಯೋಗಳಲ್ಲಿ ಕುಳಿತು ಅಧ್ಯಯನ ಮಾಡಿ 1997ರಲ್ಲಿ ‘ಕ್ಯಾಮರಾ ಇಂಡಿಕಾ’ ಎಂಬ ಪುಸ್ತಕ ಬರೆದರು. ಜನ ಸ್ಟುಡಿಯೋಗೆ ಬರುವುದು ಇದ್ದಂತೆ ಕಾಣುವುದಕ್ಕಷ್ಟೇ ಅಲ್ಲ, ಆಗಬೇಕೆಂದಿದ್ದಂತೆ ಕಾಣುವುದಕ್ಕೂ ಹೌದು ಎಂಬುದನ್ನು ಅವರು ಗಂಭೀರವಾಗಿ ಎತ್ತಿ ತೋರಿಸಿದರು. ನಮ್ಮ ಕಡೆಯ ಅನುಭವವೂ ಅದೇ. ದುಡಿಯಲು ಗೋವಾಕ್ಕೋ ಪುಣೆಗೋ ಕೊಲ್ಲಿ ದೇಶಕ್ಕೋ ಹೋದ ತಂದೆ ಮಗಳ ಮದುವೆಯ ಫೋಟೋದಲ್ಲಿ ಇರುವುದಿಲ್ಲ. ಮಗ ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿರುತ್ತಾನೆ. ಬಡವರ ಬದುಕಿನಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವುದು ಅಪರೂಪ. ಕೂಡಿ ಬಾಳಲಾಗದವರನ್ನು ಒಂದು ಚೌಕಟ್ಟಿನಲ್ಲಾದರೂ ಕೂಡಿಸುವ ಈ ಆಸೆಯನ್ನು ಸುಳ್ಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಕೂಡಿಸುವ ಹೆಸರಿನಲ್ಲಿ ಏನನ್ನೋ ಅಳಿಸುವುದೂ ನಡೆಯುತ್ತದೆ. ಇದು ನನಗೆ ಅರ್ಥವಾದದ್ದು ನಮ್ಮ ಮನೆಯದೇ ಒಂದು ಫೋಟೋದಿಂದ.

ಖಾನಾಪುರದ ನಮ್ಮ ದಾದಿಯದು ಇದ್ದದ್ದು ಎರಡೇ ಫೋಟೋ. ಒಂದು ಮತದಾರರ ಗುರುತಿನ ಚೀಟಿಯದು. ನಮ್ಮ ದಾದಿಯಂಥ ಅನೇಕ ಹೆಂಗಸರು ಮೊದಲ ಬಾರಿ ಕ್ಯಾಮರಾ ಎದುರು ಒಬ್ಬರೇ ಕೂತದ್ದು ಆ ಚೀಟಿಗಾಗಿಯೇ. ಅದರಲ್ಲಿ ಅವರ ಮುಖ ಬೆಳಕಿಗೆ ಬಿಳಿಚಿ, ಕಣ್ಣು ಎಲ್ಲಿದೆ ಮೂಗು ಎಲ್ಲಿದೆ ಎಂದು ಹುಡುಕಬೇಕು. ಇನ್ನೊಂದು, ಯಾರದೋ ಮದುವೆಯ ಗುಂಪು ಫೋಟೋ. ದಾದಿ ತೀರ ಅಂಚಿನಲ್ಲಿ ನಿಂತಿದ್ದಾರೆ. ಸೆರಗನ್ನು ಮುಂದಕ್ಕೆಳೆದುಕೊಂಡಿದ್ದಾರೆ. ಒಂದು ಕಣ್ಣು, ಮೂಗಿನ ನತ್ತು, ಅರ್ಧ ತುಟಿ, ಪಕ್ಕದ ಮಗುವೊಂದರ ತಲೆಯ ಮೇಲಿಟ್ಟ ಕೈ ಇಷ್ಟೇ ಕಾಣುವುದು. ದಾದಾನದು ಮಾತ್ರ ಟೋಪಿ ಹಾಕಿ ಕುರ್ಚಿಯ ಮೇಲೆ ಕೂತ ಒಳ್ಳೆಯ ಕಪ್ಪು ಬಿಳುಪು ಫೋಟೋ ಇತ್ತು. ಇಬ್ಬರನ್ನೂ ಒಂದು ಚೌಕಟ್ಟಿಗೆ ತರಬೇಕೆಂದು ಚಾಚಾನ ಆಸೆ. ಚಾಚಾ, ಫೂಫಿ, ನಾನು ಮೂವರೂ ಒಂದು ಸ್ಟುಡಿಯೋಗೆ ಹೋದೆವು.

ಕಂಪ್ಯೂಟರಿನ ಮುಂದಿದ್ದ ಹುಡುಗ ಕೆಲಸಗಾರನೇ. “ಒಂದ ಕಣ್ಣ ಅಷ್ಟ ಐತ್ರಿ. ಅದನ್ನ ತಿರುವಿ ಆ ಕಡೆ ಕೂಡಸ್ತೀನಿ, ನಡೀತೈತಿಲ್ರಿ?” ಎಂದ. ನಡೆಯುತ್ತದೆ ಎಂದೆವು. “ಸೀರಿ ಬಣ್ಣ ಯಾವುದು ಹಾಕ್ಲಿರಿ?” ಎಂದ. ನಮಗೆ ಯಾರಿಗೂ ಹೇಳಲಾಗಲಿಲ್ಲ. ಅವನೇ ಹಸಿರು ಜರಿ ಸೀರೆಯುಟ್ಟ ಯಾರೋ ಒಬ್ಬಳ ಮೈಯನ್ನು ತಂದು ಮುಖದ ಕೆಳಗೆ ಇಟ್ಟ. ಅವನ ಬಳಿ ಅಂಥ ಮೈಗಳ ಒಂದು ಸಂಗ್ರಹವೇ ಇತ್ತು. ಸೂಟು ತೊಟ್ಟ ತಂದೆಯರ ಮೈ, ಪೇಟ ಸುತ್ತಿದ ಅಜ್ಜಂದಿರ ಮೈ, ಕೈಮುಗಿದ ತಾಯಂದಿರ ಮೈ. ತಲೆ ಇಟ್ಟರೆ ಸಾಕು. ಎರಡು ದಿನ ಬಿಟ್ಟು ಹೋದಾಗ ದಾದಾನ ಪಕ್ಕ ದಾದಿ ಸಿಂಹಾಸನದಂಥ ಕುರ್ಚಿಯ ಮೇಲೆ ಕೂತಿದ್ದರು. ಎರಡೂ ಕಣ್ಣು ತೆರೆದಿದ್ದವು, ಚರ್ಮ ಬೆಳ್ಳಗಾಗಿತ್ತು, ವಯಸ್ಸು ಚಾಚಾನಿಗಿಂತ ಕಡಿಮೆ ಇತ್ತು. ಚಾಚಾನಿಗೆ ಖುಷಿಯೋ ಖುಷಿ. ಫೂಫಿ ಬಹಳ ಹೊತ್ತು ನೋಡಿ, “ನತ್ತು ಎಲ್ಲಿ ಹೋತು?” ಎಂದು ಕೇಳಿದಳು. ಹುಡುಗ ಅದನ್ನು ಹಳೆ ಫೋಟೋದ ಮೇಲಿನ ಕಲೆಯೆಂದು ತಿಳಿದು ಅಳಿಸಿದ್ದ.

ಬೇಸರವಿಲ್ಲದೆ ಅವನು ಕಡತ ತೆರೆದು ಒಂದೊಂದೇ ಪದರವನ್ನು ಮರೆಮಾಡುತ್ತ ಹೋದ. ಕುರ್ಚಿ ಹೋಯಿತು. ಜರಿ ಸೀರೆ ಹೋಯಿತು. ತಿರುವಿ ಕೂಡಿಸಿದ ಕಣ್ಣು ಹೋಯಿತು. ಬೆಳ್ಳಗಿನ ಚರ್ಮ ಹೋಯಿತು. ಕೊನೆಗೆ ಆ ಅರ್ಧ ಮುಖ, ನತ್ತು, ಮುಂದಕ್ಕೆಳೆದ ಸೆರಗು ಇಷ್ಟೇ ಉಳಿಯಿತು. ಬೆಳಗಾವಿಯ ಮರಾಠಿಯಲ್ಲಿ ‘ಪದರ’ ಎಂದರೆ ಸೆರಗೂ ಹೌದು. ಆ ಒಂದು ಪದರವನ್ನು ಸರಿಸಲು ಯಾವ ಸಾಫ್ಟ್‌ವೇರಿಗೂ ಸಾಧ್ಯವಿರಲಿಲ್ಲ, ಯಾಕೆಂದರೆ ಅದರ ಹಿಂದಿನ ಮುಖವನ್ನು ಕ್ಯಾಮರಾ ಕಂಡೇ ಇರಲಿಲ್ಲ. “ಇಷ್ಟ ಇರ್ಲಿ, ಇದ ನಮ್ಮ ಅಮ್ಮ” ಎಂದಳು ಫೂಫಿ. ದಾದಾನ ಭಾವಚಿತ್ರ, ಅದರ ಪಕ್ಕ ಗುಂಪು ಫೋಟೋದಿಂದ ತೆಗೆದ ಆ ತುಣುಕು, ಮಗುವಿನ ತಲೆ ಸಮೇತ, ಅದರ ಮಸುಕು ಮಸುಕಾಗಿಯೇ, ಅದರ ಅಂಚು ಅಂಚಾಗಿಯೇ ಉಳಿಯುವಂತೆ ಮುದ್ರಿಸಿಕೊಂಡು ಬಂದೆವು. ಮನೆಗೆ ಬಂದವರು ಇದೇನು ಅರ್ಧ ಮುಖ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ದಾದಿಯ ಕತೆ ಹೇಳಬೇಕಾಗುತ್ತದೆ. ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಹಸಿರು ಸೀರೆಯ ದಾದಿ ಚಾಚಾನ ಮೊಬೈಲಿನಲ್ಲಿ ಉಳಿದರು. ಪ್ರತಿ ಈದ್‌ಗೆ ಆ ಚಿತ್ರ ಎಲ್ಲರ ವಾಟ್ಸ್ಆ್ಯಪಿಗೆ ಬರುತ್ತದೆ. ಮನೆಯ ಚಿಕ್ಕ ಮಕ್ಕಳಿಗೆ ಈಗ ದಾದಿ ಎಂದರೆ ಅವರೇ.

ಹುಡುಗನ ತಪ್ಪೇನೂ ಇಲ್ಲ. ಎಲ್ಲ ತಾಯಂದಿರಿಗೂ ಹೊಂದುವ ಒಂದು ಮೈ, ಎಲ್ಲರಿಗೂ ಒಪ್ಪುವ ಒಂದು ಬಣ್ಣ ಅವನ ಕಡತದಲ್ಲಿತ್ತು. ಅವನು ದಾದಿಯನ್ನು ಆ ಮಾದರಿಗೆ ಹೊಂದಿಸಿದ. ಮುಖಗಳನ್ನು ಒಂದರ ಮೇಲೊಂದು ಪೇರಿಸಿ ಮಾದರಿಯೊಂದನ್ನು ಹೊರಡಿಸುವ ಈ ಆಸೆಗೆ ದೊಡ್ಡ ಚರಿತ್ರೆಯೇ ಇದೆ, ಅದು ನಿರಪಾಯದ್ದೂ ಅಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1870ರ ದಶಕದ ಕೊನೆಯಲ್ಲಿ ಸೆರೆಮನೆಯ ಕೈದಿಗಳ ಫೋಟೋಗಳನ್ನು ಒಂದೇ ಗಾಜಿನ ಫಲಕದ ಮೇಲೆ ಒಂದಾದ ಮೇಲೊಂದು ಮೂಡಿಸಿದ. ಎಂಟು ಮುಖಗಳಿದ್ದರೆ ಪ್ರತಿ ಮುಖಕ್ಕೂ ಎಂಟನೇ ಒಂದು ಪಾಲು ಬೆಳಕು. ಇಂದಿನ ‘ಒಪ್ಯಾಸಿಟಿ’ಯ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಅಪರಾಧಿಯ ಮೂಲ ಮುಖ ಹೇಗಿರುತ್ತದೆಂದು ಕಂಡುಹಿಡಿಯುವುದು ಅವನ ಉದ್ದೇಶವಾಗಿತ್ತು. ಆದರೆ ಬಂದದ್ದು ಅವನು ಹುಡುಕಿದ ದುಷ್ಟ ಮುಖವಲ್ಲ. ಬೆರೆತ ಮುಖ ಬಿಡಿ ಮುಖಗಳಿಗಿಂತ ಸೌಮ್ಯವಾಗಿಯೂ ಲಕ್ಷಣವಾಗಿಯೂ ಇತ್ತು. ಇದನ್ನು ಅವನೇ ಒಪ್ಪಿಕೊಂಡ. ಆದರೂ ಅವನು ನಿಲ್ಲಿಸಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಯಹೂದಿ ಶಾಲೆಯ ಹುಡುಗರ ಮುಖಗಳನ್ನು ಹೀಗೆಯೇ ಪೇರಿಸಿ ‘ಯಹೂದಿ ಮಾದರಿ’ಯನ್ನು ತಯಾರಿಸಿದ. ಒಂದು ಸಮುದಾಯಕ್ಕೆ ಒಂದೇ ಮುಖವಿದೆಯೆಂದು ನಂಬಿದ ಆ ವಿಜ್ಞಾನ ಮುಂದಿನ ಶತಮಾನದಲ್ಲಿ ಯಾವ ಬಾಗಿಲಿಗೆ ಹೋಗಿ ಮುಟ್ಟಿತೆಂಬುದು ಎಲ್ಲರಿಗೂ ಗೊತ್ತು. 2023ರಲ್ಲಿ ಫೋಟೋಶಾಪಿಗೆ, ಬೇಕಾದ್ದನ್ನು ಮಾತಿನಲ್ಲಿ ಬರೆದರೆ ಅದನ್ನು ತಾನೇ ತುಂಬಿಕೊಡುವ ಹೊಸ ಸಲಕರಣೆ ಬಂದಿದೆ. ಕೋಟ್ಯಂತರ ಚಿತ್ರಗಳಿಂದ ಕಲಿತ ಯಂತ್ರದ ಬಳಿಯೂ ಮಾದರಿಗಳೇ ಇರುತ್ತವೆ. ಟೋಪಿ, ಗಡ್ಡ, ಬುರ್ಖಾ ಇಲ್ಲದ ಮುಸ್ಲಿಮ್ ಮುಖವೊಂದನ್ನು ಅದರಿಂದ ಹೊರಡಿಸಲು ಎಷ್ಟು ಸಲ ಕೇಳಬೇಕಾಗುತ್ತದೆಂದು ಯಾರಾದರೂ ಕೂತು ನೋಡಬಹುದು.

ಇದ್ದ ಮುಖವನ್ನೇ ಹೀಗೆ ಮಾಡುವುದಾದರೆ, ಫೋಟೋವೇ ಇಲ್ಲದ ಚರಿತ್ರೆಯ ವ್ಯಕ್ತಿಗಳ ಗತಿ ಏನು? ಇದಕ್ಕೆ ಖಾನಾಪುರ ತಾಲೂಕಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇದೇ ತಾಲೂಕಿನ ನಂದಗಡದಲ್ಲಿ, 1831ರ ಜನವರಿ 26ರಂದು. ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರವರಿಯಲ್ಲಿ. ಫೋಟೋಗ್ರಫಿಯನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಅಂದರೆ ಇವರಿಬ್ಬರನ್ನೂ ಯಾವ ಕ್ಯಾಮರಾವೂ ನೋಡಿಲ್ಲ. ನಾವು ನೋಡುವ ರಾಯಣ್ಣ, ಚೆನ್ನಮ್ಮ ಚಿತ್ರಕಾರರ, ಶಿಲ್ಪಿಗಳ, ಲಾವಣಿಕಾರರ ಕಲ್ಪನೆಯಿಂದ ಬಂದವರು. ಅದರಲ್ಲಿ ದೋಷವಿಲ್ಲ. ಜನ ತಮ್ಮ ವೀರರಿಗೆ ಮುಖ ಕೊಟ್ಟುಕೊಳ್ಳುವುದು ಸಹಜ. 1961ರ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾದ ಮೇಲೆ ಒಂದು ತಲೆಮಾರಿಗೆ ಚೆನ್ನಮ್ಮನ ಮುಖ ಅವರದ್ದೇ ಆಯಿತು. 2012ರ ಚಿತ್ರದ ನಂತರ ಅನೇಕ ಫ್ಲೆಕ್ಸುಗಳಲ್ಲಿ ರಾಯಣ್ಣನಿಗೆ ನಟ ದರ್ಶನ್ ಮುಖ ಬಂತು. ಸಿನಿಮಾದಲ್ಲಿ ಇದು ನಟನೆ ಎಂಬ ಅರಿವು ನೋಡುಗನಿಗೆ ಇರುತ್ತದೆ. ಫ್ಲೆಕ್ಸಿನ ಮೇಲೆ ಆ ಅರಿವು ಚಪ್ಪಟೆಯಾಗುತ್ತದೆ. ರಾಯಣ್ಣನ ಕತ್ತಿಯ ಕೆಳಗೆ ಸ್ಥಳೀಯ ಮುಖಂಡನ ತಲೆ ಬಂದು ಕೂರುತ್ತದೆ, ಇಬ್ಬರೂ ಒಂದೇ ಕಾಲದವರೆಂಬಂತೆ, ಒಬ್ಬನ ಬಲಿದಾನ ಇನ್ನೊಬ್ಬನ ಲೆಕ್ಕಕ್ಕೆ ಜಮೆಯಾಗುವಂತೆ.

ಬೆಳಗಾವಿಯ ಒಂದು ಅಂಗಡಿಯಲ್ಲಿ ಕೂತು ನಾನು ಕಂಡದ್ದು ಹೇಳುತ್ತೇನೆ. ಒಂದೇ ಮಧ್ಯಾಹ್ನ ಒಬ್ಬನೇ ಹುಡುಗ ಶಿವಾಜಿಯ ಬ್ಯಾನರನ್ನೂ ರಾಯಣ್ಣನ ಬ್ಯಾನರನ್ನೂ ಮಾಡಿದ. ಹಿಂದಿನ ಕೆಂಪು ಆಕಾಶ ಎರಡಕ್ಕೂ ಒಂದೇ. ಮಿಂಚು ಒಂದೇ. ಕುದುರೆಯ ಕಾಲಡಿಯ ಧೂಳೂ ಒಂದೇ. ಬಾವುಟದ ಪದರ ಮಾತ್ರ ಬದಲಾಯಿತು. ಎರಡೂ ಗುಂಪಿನವರು ಬಂದು ದುಡ್ಡು ಕೊಟ್ಟು ತಮ್ಮ ತಮ್ಮ ಸುರುಳಿ ಹೊತ್ತುಕೊಂಡು ಹೋದರು. ಇದೇ ಊರಿನಲ್ಲಿ 2020ರ ಆಗಸ್ಟ್‌ನಲ್ಲಿ ಪೀರನವಾಡಿಯ ರಾಯಣ್ಣನ ಪ್ರತಿಮೆಯ ವಿಷಯಕ್ಕೆ ಕನ್ನಡ ಮರಾಠಿ ಗುಂಪುಗಳು ಎದುರುಬದುರಾದವು. 2021ರ ಡಿಸೆಂಬರ್‌ನಲ್ಲಿ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಲಾಯಿತು. ಬೀದಿಯಲ್ಲಿ ಬೇರೆ ಬೇರೆಯಾಗಿ ನಿಂತು ಕಲ್ಲು ಹಿಡಿಯುವವರಿಗೆ ತಮ್ಮ ವೀರರ ಬೆನ್ನ ಹಿಂದಿನ ಆಕಾಶ ಒಂದೇ ಕಡತದಿಂದ ಬಂದದ್ದೆಂದು ಗೊತ್ತಿದ್ದರೆ ಒಂದು ಕ್ಷಣ ನಗುತ್ತಿದ್ದರೇನೋ.

ಟಿಪ್ಪು ಸುಲ್ತಾನನ ವಿಷಯದಲ್ಲಿ ನಡೆದದ್ದು ಇನ್ನೂ ಕ್ರೂರವಾದದ್ದು. 1799ರಲ್ಲಿ ಮಡಿದ ಟಿಪ್ಪುವಿನ ಫೋಟೋ ಇರಲು ಸಾಧ್ಯವೇ ಇಲ್ಲ. ಆದರೆ ಅವನ ಕಾಲದಲ್ಲೇ ಅವನನ್ನು ಚಿತ್ರಿಸಿದವರಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಅವನ ಚಿತ್ರವಿದೆ. 1792ರಲ್ಲಿ ಜಿ.ಎಫ್. ಚೆರ್ರಿ ಎಂಬ ಇಂಗ್ಲಿಷ್ ಅಧಿಕಾರಿ ಬರೆದ ಭಾವಚಿತ್ರವಿದೆ. ಹೀಗಿದ್ದರೂ ‘ಟಿಪ್ಪುವಿನ ಅಸಲಿ ಫೋಟೋ’ ಎಂಬ ಒಂದು ಚಿತ್ರ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಓಡುತ್ತಿದೆ. ಅದು ಟಿಪ್ಪು ಟಿಪ್ ಎಂದು ಹೆಸರಾದ, 1905ರಲ್ಲಿ ಜಾಂಜಿಬಾರ್‌ನಲ್ಲಿ ತೀರಿಕೊಂಡ ದಂತ ಮತ್ತು ಗುಲಾಮರ ವ್ಯಾಪಾರಿಯದು. ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವವರು ಇದನ್ನು ಹಲವು ಬಾರಿ ತೋರಿಸಿಕೊಟ್ಟಿದ್ದಾರೆ. ಪಠ್ಯಪುಸ್ತಕದ ಬಣ್ಣದ ಚಿತ್ರವನ್ನು ಒಂದು ಕಡೆ, ಈ ಫೋಟೋವನ್ನು ಇನ್ನೊಂದು ಕಡೆ ಜೋಡಿಸಿ, ಕಪ್ಪು ಮುಖವನ್ನು ತೋರಿಸಿದರೆ ಸಾಕು ಅವಮಾನವಾಗುತ್ತದೆ ಎಂದು ನಂಬಿದ ಮನಸ್ಸು ಇದರ ಹಿಂದಿದೆ. ಇದಕ್ಕೆ ಉತ್ತರ ಕೊಡುವಾಗ ನಮ್ಮವರೂ ‘ಛೆ, ಟಿಪ್ಪು ಹಾಗಿರಲಿಲ್ಲ, ಚೆಂದ ಇದ್ದ’ ಎಂದು ವಾದಿಸಿದ್ದನ್ನು ಕೇಳಿದ್ದೇನೆ. ಕಪ್ಪು ಎಂದರೆ ಅವಮಾನ ಎಂಬುದನ್ನು ಇಬ್ಬರೂ ಒಪ್ಪಿಕೊಂಡಂತಾಯಿತು.

ಖಾನಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬದುಕಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ. ರಾಯಣ್ಣನ ಜೊತೆಗಾರರಲ್ಲಿ ಗಜವೀರ ಎಂಬ ಸಿದ್ದಿ ಇದ್ದನೆಂಬುದನ್ನು ಈ ಸೀಮೆಯ ಜನ ಮರೆತಿಲ್ಲ. ಆದರೆ ರಾಯಣ್ಣನ ಫ್ಲೆಕ್ಸುಗಳಲ್ಲಿ ಗಜವೀರನನ್ನು ನಾನು ಈವರೆಗೆ ಕಂಡಿಲ್ಲ. ಶುಭ ಕೋರುವ ಮೂವತ್ತು ಜನರಿಗೆ ಜಾಗವಿದೆ, ಜೊತೆಗೆ ನಿಂತು ಹೋರಾಡಿದವನಿಗೆ ಒಂದು ಪದರ ಇಲ್ಲ. ಸುಳ್ಳು ಮುಖ ತಂದು ಇಡುವುದರಷ್ಟೇ, ನಿಜವಾಗಿ ಇದ್ದವನಿಗೆ ಜಾಗ ಕೊಡದಿರುವುದೂ ಸುಳ್ಳೇ.

ಇನ್ನೊಬ್ಬರತ್ತ ಬೆರಳು ತೋರಿದ ಮೇಲೆ ನಮ್ಮ ಬಾಗಿಲಿನತ್ತಲೂ ನೋಡಬೇಕು. ನಮ್ಮ ಮೊಹಲ್ಲಾಗಳಲ್ಲಿ ಮದುವೆಗೆ ಫ್ಲೆಕ್ಸು ಹಾಕುವುದು ಈಗ ರೂಢಿ. ವರ ಇರುತ್ತಾನೆ, ವರನ ಅಣ್ಣತಮ್ಮಂದಿರು, ಮಾಮಂದಿರು, ಕೂಲಿಂಗ್ ಗ್ಲಾಸು ಹಾಕಿದ ಗೆಳೆಯರು ಇರುತ್ತಾರೆ. ವಧುವಿನ ಜಾಗದಲ್ಲಿ ಒಂದು ಗುಲಾಬಿ, ಅಥವಾ ಬರೀ ಹೆಸರು, ಎಷ್ಟೋ ಸಲ ಹೆಸರೂ ಇಲ್ಲದೆ ‘ಇಂಥವರ ಸುಪುತ್ರಿ’ ಎಂಬ ಮಾತು. ತನ್ನ ಮುಖ ಬೀದಿಯಲ್ಲಿ ತೂಗಬಾರದೆಂದು ಹೆಣ್ಣೊಬ್ಬಳು ಬಯಸಿದರೆ ಅದು ಅವಳ ಹಕ್ಕು, ಅದನ್ನು ಯಾರೂ ಪ್ರಶ್ನಿಸಬಾರದು. ಅವಳನ್ನು ಕೇಳಿ ಹಾಗೆ ಮಾಡಿದರೇ, ಕೇಳದೆಯೇ ಮಾಡಿದರೇ ಎಂಬುದಷ್ಟೇ ನನ್ನ ಪ್ರಶ್ನೆ. ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯೂ ಅಲ್ಲ. ಪಂಚಾಯಿತಿಗೆ ಗೆದ್ದ ಹೆಂಗಸಿನ ಅಭಿನಂದನಾ ಫ್ಲೆಕ್ಸಿನಲ್ಲಿ ಅವಳ ಗಂಡನ ಮುಖ ಅವಳಿಗಿಂತ ದೊಡ್ಡದಾಗಿರುವುದನ್ನು ಎಲ್ಲ ಜಾತಿ ಮತದವರ ಊರಿನಲ್ಲೂ ಕಾಣಬಹುದು. ಇನ್ನು ಮದುವೆಯ ಆಲ್ಬಮ್ ತೆರೆದರೆ ಬೇರೆಯೇ ವಿನ್ಯಾಸ. 12 ಅಂಗುಲ ಎತ್ತರ, 36 ಅಂಗುಲ ಅಗಲದ ಹಾಳೆಯ ತುಂಬ ವಧುವಿನ ತಗ್ಗಿಸಿದ ಮುಖ ಎಲ್ಲಕ್ಕಿಂತ ದೊಡ್ಡದಾಗಿ, ಆದರೆ ಎಲ್ಲಕ್ಕಿಂತ ಮಸುಕಾಗಿ ಹರಡಿರುತ್ತದೆ. ಅವಳ ಮುಖದ ಮೇಲೆ ಬೇರೆಯವರ ಸಣ್ಣ ಸಣ್ಣ ಸ್ಪಷ್ಟ ಚಿತ್ರಗಳು ಕೂತಿರುತ್ತವೆ. ಬೀದಿಯಲ್ಲಿ ಅವಳಿಲ್ಲ, ಆಲ್ಬಮ್ಮಿನಲ್ಲಿ ಅವಳು ಹಿನ್ನೆಲೆ. ಈ ಮಾದರಿ ಹಾಳೆಗಳು ಸಿ.ಡಿ., ಡಿ.ವಿ.ಡಿ.ಗಳಲ್ಲಿ ಸಿದ್ಧವಾಗಿ ಬರುತ್ತಿದ್ದ ಕಾಲದಿಂದಲೂ ಈ ವಿನ್ಯಾಸವನ್ನು ನೋಡುತ್ತಿದ್ದೇವೆ. ಇದನ್ನು ಯಾರೂ ಕೇಡು ಬಗೆದು ಮಾಡಿದ್ದಲ್ಲ. ಕೇಡು ಬಗೆಯದೆಯೇ ನಡೆಯುವುದನ್ನು ಗಮನಿಸುವುದಕ್ಕೇ ವಿಮರ್ಶೆ ಬೇಕು.

ಹಾಗಾದರೆ ಪದರದ ಭಾವಚಿತ್ರ ಒಳ್ಳೆಯದಾಗುವುದು ಹೇಗೆ? ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉತ್ತರ ವಿವಾನ್ ಸುಂದರಂ ಅವರದು. 2023ರಲ್ಲಿ ತೀರಿಕೊಂಡ ಈ ಕಲಾವಿದರು ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ತಂಗಿ ಇಂದಿರಾ ಅವರ ಮಗ. ಅಮೃತಾ 1941ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ ತೀರಿಕೊಂಡರು. ವಿವಾನ್ ಹುಟ್ಟಿದ್ದು ಅದಾದ ಮೇಲೆ. ಅಮೃತಾರ ತಂದೆ ಉಮ್ರಾವ್ ಸಿಂಗ್ ದಶಕಗಳ ಕಾಲ ತನ್ನನ್ನೂ ತನ್ನ ಮನೆಯವರನ್ನೂ ಫೋಟೋ ತೆಗೆದವರು. 2001ರ ಸುಮಾರಿಗೆ ವಿವಾನ್ ಆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಜೋಡಿಸಿ ‘ರೀಟೇಕ್ ಆಫ್ ಅಮೃತಾ’ ಎಂಬ ಮಾಲಿಕೆ ಮಾಡಿದರು. ಬೇರೆ ಬೇರೆ ವರ್ಷಗಳ ಅಮೃತಾ ಅಲ್ಲಿ ಎದುರುಬದುರಾಗುತ್ತಾರೆ. ತಂದೆ, ಹಂಗೆರಿಯ ತಾಯಿ, ತಂಗಿ ಎಲ್ಲರೂ ಎಂದೂ ಇರದ ಒಂದು ಕೋಣೆಯಲ್ಲಿ ಸೇರುತ್ತಾರೆ. ತಾನು ಕಾಣದ ದೊಡ್ಡಮ್ಮನನ್ನು ನೋಡುವ ಆಸೆ ಅಲ್ಲಿದೆ. ನಮ್ಮ ಚಾಚಾನ ಆಸೆಯೂ ಅದೇ ಜಾತಿಯದು. ಆದರೆ ವಿವಾನ್ ಯಾರಿಗೂ ಬೇರೆಯವರ ಮೈ ತೊಡಿಸಲಿಲ್ಲ. ಕಾಲಗಳು ಒಂದಕ್ಕೊಂದು ಹೊಂದದಿರುವುದನ್ನು ಮುಚ್ಚಲಿಲ್ಲ. ಇದು ನಡೆದದ್ದಲ್ಲ, ನಾನು ಸೇರಿಸಿದ್ದು ಎಂದು ಹೆಸರಿನಲ್ಲೇ ಹೇಳಿದರು. ಅದಕ್ಕೇ ಆ ಚಿತ್ರಗಳ ಮುಂದೆ ನಿಂತವನು ಮೋಸ ಹೋಗುವುದಿಲ್ಲ, ಆ ಕುಟುಂಬದ ಕುರಿತು ಯೋಚಿಸತೊಡಗುತ್ತಾನೆ. ಒಂದು ಮಾತು ಸೇರಿಸಬೇಕು. ವಿವಾನ್‌ಗೆ ಆಯ್ದುಕೊಳ್ಳಲು ಒಂದು ಮನೆತನದ ಫೋಟೋ ಭಂಡಾರವೇ ಇತ್ತು. ನಮ್ಮ ದಾದಿಯಂಥವರಿಗೆ ಇದ್ದದ್ದು ಅರ್ಧ ಮುಖ. ಕಡಿಮೆ ಇದ್ದವರ ಚಿತ್ರ ಮಾಡುವಾಗ ಇರಬೇಕಾದ ಎಚ್ಚರ ಹೆಚ್ಚಿನದು.

ಆ ಎಚ್ಚರಕ್ಕೆ ದೊಡ್ಡ ಸಿದ್ಧಾಂತವೇನೂ ಬೇಡ. ಸ್ಟುಡಿಯೋದವರು ಪದರ ಇರುವ ಕಡತವನ್ನು ಗಿರಾಕಿಗೂ ಒಂದು ಪ್ರತಿ ಕೊಡಲಿ. ಮೂಲ ಫೋಟೋವನ್ನು ಮುಟ್ಟದೆ ಸ್ಕ್ಯಾನ್ ಮಾಡಿ ಬೇರೆಯಾಗಿ ಇಡಲಿ. ಕಲೆಯೆಂದು ಏನನ್ನಾದರೂ ಅಳಿಸುವ ಮೊದಲು ಮನೆಯವರನ್ನು, ಅದರಲ್ಲೂ ಮನೆಯ ಹೆಂಗಸರನ್ನು, ಒಮ್ಮೆ ಕೇಳಲಿ. ಚೌಕಟ್ಟಿನ ಹಿಂದೆ ‘ಇದು ಇಂಥ ಇಂಥ ಫೋಟೋಗಳಿಂದ ಜೋಡಿಸಿದ್ದು’ ಎಂದು ಒಂದು ಸಾಲು ಬರೆದಿಡೋಣ. ಸಂಘಟನೆಗಳು ಜಯಂತಿಯ ಬ್ಯಾನರ್ ಮಾಡಿಸುವಾಗ ಮಹಾಪುರುಷನ ಚಿತ್ರ ಎಲ್ಲಿಯದು ಎಂದು ಕೇಳುವ ಒಬ್ಬನಾದರೂ ಗುಂಪಿನಲ್ಲಿರಲಿ. ಫಾರ್ವರ್ಡ್ ಮಾಡುವ ಮುನ್ನ ನಾವೂ ಅದನ್ನೇ ಕೇಳಿಕೊಳ್ಳೋಣ.

ನಮ್ಮ ಮನೆಯಲ್ಲಿ ಇದನ್ನು ಶುರು ಮಾಡಿದ್ದೇವೆ. ಆ ಮದುವೆಯ ಗುಂಪು ಫೋಟೋದ ಬೆನ್ನಿಗೆ ಫೂಫಿ ಹೇಳುತ್ತ ಹೋದಂತೆ ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಪೆನ್ಸಿಲ್ಲಿನಲ್ಲಿ ಬರೆದೆ. ದಾದಿ ತಲೆಯ ಮೇಲೆ ಕೈಯಿಟ್ಟ ಆ ಮಗು ಯಾರೆಂದು ಮಾತ್ರ ಅವಳಿಗೂ ನೆನಪಾಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಖಾನಾಪುರಕ್ಕೆ ಹೋದಾಗಲೆಲ್ಲ ಹಳಬರಿಗೆ ಫೋಟೋ ತೋರಿಸಿ ಕೇಳುತ್ತಿದ್ದೇನೆ.